ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರದೇಶದ ಹಳ್ಳಿಯಲ್ಲಿ ಪಾಠ

ಕಳೆದ ಕೃಷಿ ಮೇಳದಲ್ಲಿ ನಮ್ಮ ವಿಭಾಗದ ಮಳಿಗೆಯ ಮುಂದೆ ರೈತರೊಬ್ಬರು ಬಹಳ ಹೊತ್ತು ನಿಂತಿದ್ದರು. ತಳಿಯ ವಿಚಾರ ಕೇಳಲು ಬಂದಿರಬೇಕೆಂದು ಭಾವಿಸಿದೆ. ಜನ ಕರಗಿದ ಮೇಲೆ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದುಕೊಟ್ಟರು. ಅವರ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಕೆಲವು ವಾರ ವಿದೇಶದಲ್ಲಿದ್ದು 'ಸುಸ್ಥಿರ ವಿನ್ಯಾಸ' ಎಂಬ ವಿಷಯ ಕಲಿತು ಬರುವ ಶಿಕ್ಷಣಕ್ಕೆ ಅರ್ಜಿ ಹಾಕಬೇಕೆಂದಿದ್ದಾಳೆ. "ಮೇಷ್ಟ್ರೇ, ಅಲ್ಲೂ ಹಳ್ಳಿಗೇ ಕರ್ಕೊಂಡು ಹೋಗ್ತಾರಂತೆ. ಹಳ್ಳಿ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಸಾಲ ಮಾಡಿ ಕಳಿಸೋ ಅಂಥದ್ದಾ ಇದು?" ಎಂದು ಕೇಳಿದರು. ಅಲ್ಲಿ ನಿಂತು ನಾನು ಕೊಟ್ಟ ಉತ್ತರ ನನಗೇ ತೃಪ್ತಿಯಾಗಲಿಲ್ಲ. ಇಂಥ ಪ್ರಶ್ನೆ ಇನ್ನೂ ಅನೇಕ ಮನೆಗಳಲ್ಲಿ ಎದ್ದಿರಬಹುದಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

'ಸುಸ್ಥಿರ' ಎಂಬುದು ದೊಡ್ಡ ಮಾತಾಗಿ ಕಂಡರೂ ರೈತರಿಗೆ ಹೊಸ ವಿಚಾರವೇನಲ್ಲ. ಬಿತ್ತನೆಗೆಂದು ತೆಗೆದಿಟ್ಟ ಕಾಳಿಗೆ ಬರಗಾಲದಲ್ಲೂ ಕೈಹಾಕದ ಮನೆಯವರಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯಂತ್ರದ ವಿಚಾರದಲ್ಲಿ ಹೇಳುವುದಾದರೆ, ಕೊಳ್ಳುವವನ ಕೈಗೆ ಎಟುಕಬೇಕು, ಊರಿನಲ್ಲೇ ಸಿಗುವ ವಸ್ತುವಿನಿಂದ ನಡೆಯಬೇಕು, ಮುರಿದರೆ ಹತ್ತಿರದ ಕುಲುಮೆಯಲ್ಲಿ ರಿಪೇರಿಯಾಗಬೇಕು, ನೆಲ ನೀರುಗಳನ್ನು ಕೆಡಿಸಬಾರದು. ಕಬ್ಬಿಣ ಎಷ್ಟು ಭಾರ ತಾಳುತ್ತದೆಂಬುದನ್ನು ಕಾಲೇಜಿನ ತರಗತಿಯಲ್ಲಿ ಕಲಿಸಬಹುದು. ಯಂತ್ರ ಕೆಟ್ಟ ದಿನ ಅದನ್ನು ಯಾರು ಬಿಚ್ಚುತ್ತಾರೆ ಎಂಬುದನ್ನು ಅಲ್ಲಿ ಕಲಿಸಲಾಗುವುದಿಲ್ಲ. ಅದಕ್ಕಾಗಿಯೇ ವಿದ್ಯಾರ್ಥಿಗಳನ್ನು ತಮ್ಮದಲ್ಲದ ದೇಶದ ಹಳ್ಳಿಗೆ ಕರೆದೊಯ್ಯುವ ಪದ್ಧತಿ ಬೆಳೆದುಬಂದಿದೆ.

ಇಂಥ ಶಿಕ್ಷಣಕ್ರಮಗಳಲ್ಲಿ ಹೆಚ್ಚು ಹೆಸರಾದುದು ಅಮೆರಿಕದ ಎಂ.ಐ.ಟಿ. ತಾಂತ್ರಿಕ ಸಂಸ್ಥೆಯಲ್ಲಿ 2002ರಲ್ಲಿ ಆರಂಭವಾದ 'ಡಿ-ಲ್ಯಾಬ್'. ಅದನ್ನು ಹುಟ್ಟುಹಾಕಿದ ಏಮಿ ಸ್ಮಿತ್ ಅವರು ಅದೇ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ, ಆಫ್ರಿಕಾದ ಬೋಟ್ಸ್‌ವಾನಾ ದೇಶದಲ್ಲಿ ನಾಲ್ಕು ವರ್ಷ ಸ್ವಯಂಸೇವಕಿಯಾಗಿದ್ದವರು. ಮೊದಲು ಶಾಲೆಯಲ್ಲಿ ಪಾಠ ಹೇಳಿದರು, ಆಮೇಲೆ ಅಲ್ಲಿನ ಕೃಷಿ ಇಲಾಖೆಯಲ್ಲಿ ಜೇನುಸಾಕಣೆಯ ಅಧಿಕಾರಿಯಾಗಿ ಹಳ್ಳಿ ಸುತ್ತಿದರು. ಎಂದರೆ, ನಮ್ಮ ವಿಸ್ತರಣಾ ಕಾರ್ಯಕರ್ತರ ಕೆಲಸವನ್ನೇ ಮಾಡಿದವರು. ಡಿ-ಲ್ಯಾಬಿನ ವಿದ್ಯಾರ್ಥಿಗಳು ಕೆಲವು ತಿಂಗಳು ಕಾಲೇಜಿನಲ್ಲಿ ಸಿದ್ಧತೆ ನಡೆಸಿ, ಜನವರಿ ರಜೆಯಲ್ಲಿ ಮೂರು ವಾರದಷ್ಟು ಕಾಲ ಹೈಟಿ, ಘಾನಾ ಮುಂತಾದ ದೇಶಗಳ ಹಳ್ಳಿಗಳಿಗೆ ಹೋಗಿ, ಹಿಂದಿರುಗಿ ಬಂದು ಉಪಕರಣದ ಕೆಲಸ ಮುಂದುವರಿಸುತ್ತಿದ್ದರು. ಸಿದ್ಧತೆಯ ಭಾಗವಾಗಿ ಒಂದು ವಾರ ದಿನಕ್ಕೆ ಕೇವಲ 2 ಡಾಲರಿನಲ್ಲಿ ಊಟ ಮುಗಿಸುವ ಅಭ್ಯಾಸವೂ ಇತ್ತು. ಒಂದು ವಾರದ ಹಸಿವಿನಿಂದ ಬಡತನ ಅರ್ಥವಾಗುತ್ತದೆಂದು ನಾನು ನಂಬುವುದಿಲ್ಲ. ಆದರೆ ಬೆಲೆ ನೋಡಿ ಬೇಳೆ ಕೊಳ್ಳುವುದನ್ನು ಹುಡುಗರು ಕಲಿಯುತ್ತಾರೆಂಬುದು ನಿಜ.

ಸ್ಮಿತ್ ಅವರು ಮಾಡಿದ ಹಿಟ್ಟಿನ ಯಂತ್ರದ ಕಥೆ ಜೋಳ, ರಾಗಿ ಬೆಳೆಯುವ ನಮಗೆ ಹೆಚ್ಚು ಹತ್ತಿರವಾದುದು. ಸುತ್ತಿಗೆ ಮಾದರಿಯ ಗಿರಣಿಯಲ್ಲಿ ಕಾಳನ್ನು ಬಡಿದು ಪುಡಿ ಮಾಡುವ ಕಬ್ಬಿಣದ ತುಂಡುಗಳ ಸುತ್ತ ಒಂದು ಜರಡಿ ಇರುತ್ತದೆ. ನುಣುಪಾದ ಹಿಟ್ಟು ಜರಡಿಯ ತೂತಿನಿಂದ ಹೊರಬೀಳುತ್ತದೆ. ಹರಿಯುವುದು ಈ ಜರಡಿಯೇ. ಆಫ್ರಿಕಾದ ಹಳ್ಳಿಗಳಲ್ಲಿ ಹೊಸ ಜರಡಿ ಸಿಗದೆ ಯಂತ್ರ ಮೂಲೆ ಸೇರುತ್ತಿತ್ತು, ಹೆಂಗಸರು ಮತ್ತೆ ಒನಕೆ ಹಿಡಿಯಬೇಕಾಗುತ್ತಿತ್ತು. ಸ್ಮಿತ್ ಅವರು ಜರಡಿಯನ್ನು ಗಟ್ಟಿ ಮಾಡಲು ಹೋಗದೆ ಅದನ್ನು ತೆಗೆದೇಹಾಕಿದರು. ಯಂತ್ರದೊಳಗೆ ಸುತ್ತುವ ಗಾಳಿಯೇ ನುಣುಪು ಹಿಟ್ಟನ್ನು ಬೇರ್ಪಡಿಸುವಂತೆ ಮಾಡಿದರು. ನಮ್ಮ ಹೆಣ್ಣುಮಕ್ಕಳು ಮೊರದಲ್ಲಿ ತೂರುವಾಗ ನಡೆಯುವುದೂ ಇದೇ ತತ್ತ್ವ. ಈ ಗಿರಣಿಯನ್ನು ಊರ ಕಮ್ಮಾರನೇ ತಯಾರಿಸಬಹುದು. ಇದಕ್ಕಾಗಿ 2000ದಲ್ಲಿ ಅವರಿಗೆ ಲೆಮೆಲ್ಸನ್–ಎಂ.ಐ.ಟಿ. ವಿದ್ಯಾರ್ಥಿ ಬಹುಮಾನ ಬಂದಿತು.

ಬೆಂಡಿನ ಇದ್ದಿಲು

ಡಿ-ಲ್ಯಾಬಿನ ವಿದ್ಯಾರ್ಥಿಗಳು ಮೊದಮೊದಲು ಹೆಚ್ಚಾಗಿ ಹೋದದ್ದು ಹೈಟಿಗೆ. ಅಲ್ಲಿ ಅಡುಗೆಗೆ ಮರದ ಇದ್ದಿಲು ಬೇಕು. ಇದ್ದಿಲಿಗಾಗಿ ಮರ ಕಡಿದು ಕಡಿದು ಬೆಟ್ಟಗಳು ಬೋಳಾದವು, ಮಳೆಗೆ ಮಣ್ಣು ಕೊಚ್ಚಿಹೋಯಿತು. ವಿದ್ಯಾರ್ಥಿಗಳು ಮೊದಲು ರದ್ದಿ ಕಾಗದವನ್ನು ಒತ್ತಿ ಉರುವಲಿನ ಬಿಲ್ಲೆ ಮಾಡಿ ನೋಡಿದರು. ಅದು ಕೈಗೂಡಲಿಲ್ಲ. ಆಮೇಲೆ ಕಬ್ಬಿನ ಸಿಪ್ಪೆಯನ್ನು ಡ್ರಮ್ಮಿನಲ್ಲಿ ಸುಟ್ಟು ಇದ್ದಿಲು ಮಾಡಿದರು. ಅದು ಪುಡಿಯಾಗುತ್ತದೆ, ಬಿಲ್ಲೆಯಾಗಲು ಅಂಟು ಬೇಕು. ಘಾನಾದಲ್ಲಿ ಬೆಳೆದಿದ್ದ ಒಬ್ಬ ವಿದ್ಯಾರ್ಥಿಗೆ ತನ್ನ ತಾಯಿ ಮಾಡುತ್ತಿದ್ದ ಮರಗೆಣಸಿನ ಹಿಟ್ಟಿನ ಅಂಟು ಅಂಬಲಿ ನೆನಪಿಗೆ ಬಂದಿತು. ಮರಗೆಣಸು ಹೈಟಿಯಲ್ಲೂ ಬೆಳೆಯುತ್ತದೆ. ಅದರ ಗಂಜಿಯಿಂದಲೇ ಬಿಲ್ಲೆ ಕಟ್ಟಿದರು. ಆ ಹೊತ್ತಿಗೆ ಬೇಕಾದ ಉತ್ತರ ಇದ್ದದ್ದು ತಾಯಿಯ ಅಡುಗೆಮನೆಯಲ್ಲಿ. ಮುಂದೆ, ಮುಸುಕಿನ ಜೋಳದ ಕಾಳು ಬಿಡಿಸಿದ ಬೆಂಡನ್ನು ಸುಟ್ಟರೆ ಅದು ಇಡಿಯಾಗಿಯೇ ಇದ್ದಿಲಾಗುತ್ತದೆ, ಅಂಟೂ ಬೇಡ, ಅಚ್ಚೂ ಬೇಡ ಎಂಬುದು ಕಂಡುಬಂದಿತು.

ವಿಧಾನ ಸುಲಭವಾಗಿದೆ. 200 ಲೀಟರಿನ ಹಳೆಯ ಕಬ್ಬಿಣದ ಡ್ರಮ್ಮಿನ ತಳಕ್ಕೆ ಕೆಲವು ತೂತು ಹೊಡೆದು, ಮೂರು ಕಲ್ಲುಗಳ ಮೇಲೆ ಕೂರಿಸಬೇಕು. ರಾಸಾಯನಿಕ, ಕೀಟನಾಶಕ ತುಂಬಿದ್ದ ಡ್ರಮ್ಮನ್ನು ಎಂದಿಗೂ ಉಪಯೋಗಿಸಬಾರದು. ಚೆನ್ನಾಗಿ ಒಣಗಿದ ಬೆಂಡು ತುಂಬಿ ಬೆಂಕಿ ಹಚ್ಚಬೇಕು. ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ. ಹೊಗೆ ತೆಳುವಾಗಿ, ಬೆಂಕಿ ಎಲ್ಲ ಕಡೆ ಹಿಡಿದ ಕೂಡಲೇ ಕಲ್ಲುಗಳನ್ನು ಸರಿಸಿ ಡ್ರಮ್ಮನ್ನು ನೆಲಕ್ಕಿಳಿಸಿ, ಬುಡದ ಸುತ್ತ ಮರಳು ಕಟ್ಟಿ, ಮೇಲೆ ಮುಚ್ಚಳವಿಟ್ಟು ಸಂದನ್ನು ಹಸಿಮಣ್ಣಿನಿಂದ ಮುಚ್ಚಬೇಕು. ಗಾಳಿ ಸಿಗದೆ ಬೆಂಡು ಬೂದಿಯಾಗುವ ಬದಲು ಇದ್ದಿಲಾಗುತ್ತದೆ. ಎರಡು ಗಂಟೆಗೂ ಮೇಲೆ ಬಿಟ್ಟು, ಡ್ರಮ್ಮು ಪೂರ್ತಿ ತಣ್ಣಗಾದ ಮೇಲೆಯೇ ತೆರೆಯಬೇಕು. ಅವಸರಪಟ್ಟರೆ ಗಾಳಿ ತಾಗಿ ಮತ್ತೆ ಹತ್ತಿಕೊಂಡು ಬೂದಿಯೇ ಉಳಿಯುತ್ತದೆ. ತೂಕದಲ್ಲಿ ನಾಲ್ಕರಲ್ಲಿ ಒಂದು ಪಾಲು ಇದ್ದಿಲು ಸಿಕ್ಕಿದರೆ ಒಳ್ಳೆಯ ಕೆಲಸವೆಂದೇ ತಿಳಿಯಬೇಕು. ಕೆಲಸವೆಲ್ಲ ಬಯಲಿನಲ್ಲೇ ನಡೆಯಲಿ. ಇದ್ದಿಲನ್ನು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಉರಿಸಕೂಡದು. ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದ್ದವರು ಏಳುವುದೇ ಇಲ್ಲ.

ಬೇಸಾಯಶಾಸ್ತ್ರದವನಾಗಿ ಇಲ್ಲಿ ಒಂದು ಮಾತು ಹೇಳಬೇಕು. ಹೈಟಿಯಲ್ಲಿ ಕಬ್ಬಿನ ಸಿಪ್ಪೆ ಕಸವಾಗಿ ಬಿದ್ದಿದ್ದುದರಿಂದ ಅದು ಉರುವಲಾಯಿತು. ಮಂಡ್ಯದ ಆಲೆಮನೆಯಲ್ಲಿ ಸಿಪ್ಪೆ ಕಸವಲ್ಲ, ಕೊಪ್ಪರಿಗೆಯ ಕೆಳಗೆ ಉರಿಯುವುದೇ ಅದು. ಅಲ್ಲಿ ಸಿಪ್ಪೆಯಿಂದ ಇದ್ದಿಲು ಮಾಡಿರೆಂದು ಹೇಳಿದರೆ ಬೆಲ್ಲ ಕಾಯಿಸಲು ಬೇರೆ ಸೌದೆ ತರಬೇಕಾಗುತ್ತದೆ. ಜೋಳದ ದಂಟನ್ನು ಸುಟ್ಟರೆ ದನಕ್ಕೆ ಮೇವಿಲ್ಲ. ಕಸವೆಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಮೂರು ವಾರಕ್ಕೆ ಬಂದವರಿಗೆ ಇದು ತಾನಾಗಿ ಕಾಣುವುದಿಲ್ಲ, ಊರಿನವರು ಹೇಳಬೇಕು.

ಊರಿನವರನ್ನು ಹೇಳಲು ಬಿಡದೆ ನಾನೇ ತಪ್ಪು ಮಾಡಿದ್ದುಂಟು. ಕೆಲವು ವರ್ಷಗಳ ಹಿಂದೆ ವಿದೇಶದ ಒಂದು ಕಾಲೇಜಿನಿಂದ ಹನ್ನೊಂದು ವಿದ್ಯಾರ್ಥಿಗಳ ತಂಡ ಬಂದಿತ್ತು. ಪಕ್ಕದ ತಾಲ್ಲೂಕಿನ ಹಳ್ಳಿಗೆ ಕರೆದೊಯ್ಯುವ ಕೆಲಸ ನನ್ನದು. ಜಗಲಿಯ ಮೇಲೆ ಕುಳಿತು ಕೈಯಲ್ಲೇ ಮುಸುಕಿನ ಜೋಳ ಬಿಡಿಸುತ್ತಿದ್ದ ತಾಯಿಯೊಬ್ಬರನ್ನು ಹುಡುಗರು, "ನಿಮಗೆ ಯಾವ ಕೆಲಸ ಕಷ್ಟ?" ಎಂದು ಕೇಳಿದರು. ಆಕೆ ಬಾಯಿ ತೆರೆಯುವ ಮೊದಲೇ ನಾನು, "ಇದೇ, ಕಾಳು ಬಿಡಿಸುವುದು" ಎಂದು ಹೇಳಿಬಿಟ್ಟೆ. ಹುಡುಗರು ಎರಡು ವಾರ ರಾತ್ರಿ ಹಗಲು ದುಡಿದು ಸೈಕಲಿನಿಂದ ನಡೆಯುವ ಯಂತ್ರ ಮಾಡಿಕೊಟ್ಟರು. ಫೋಟೋ ತೆಗೆದರು, ಎಲ್ಲರೂ ಚಪ್ಪಾಳೆ ತಟ್ಟಿದೆವು.

ಮಾರನೆಯ ವರ್ಷ ಹೋದಾಗ ಯಂತ್ರ ಕೊಟ್ಟಿಗೆಯಲ್ಲಿತ್ತು. ಚೈನು ಮಗನ ಸೈಕಲಿಗೆ ಹೋಗಿತ್ತು. ಆಕೆ ಸಂಕೋಚದಿಂದಲೇ ಹೇಳಿದರು: "ಮೇಷ್ಟ್ರೇ, ಅದನ್ನ ತುಳಿಯೋಕೆ ಒಬ್ರು, ತೆನೆ ಕೊಡೋಕೆ ಒಬ್ರು ಬೇಕು. ಕೈಲಿ ಬಿಡಿಸಿದ್ರೆ ನಾಕು ಜನ ಕೂತು ಮಾತಾಡ್ಕೊಂಡು ಬಿಡಿಸ್ತೀವಿ, ಮಗೂನೂ ನೋಡ್ಕೋತೀವಿ. ಬಿಡ್ಸೋದು ಕಷ್ಟ ಅಲ್ಲ. ಮೋಡ ಆದಾಗ ತೆನೆ ಒಣಗಲ್ಲ ನೋಡಿ, ಬೂಷ್ಟು ಬರ್ತದೆ, ಅದು ಕಷ್ಟ." ಅಂದು ಆಕೆಗೆ ಉತ್ತರಿಸಲು ಬಿಟ್ಟಿದ್ದರೆ ಆ ಹನ್ನೊಂದು ಮಂದಿ ತೆನೆ ಒಣಗಿಸುವ ಸಾಧನ ಮಾಡಲು ಪ್ರಯತ್ನಿಸುತ್ತಿದ್ದರು. ಬೂಷ್ಟು ಹಿಡಿದ ಜೋಳ ಬೆಲೆಯನ್ನು ಕಳೆದುಕೊಳ್ಳುವುದಲ್ಲದೆ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಸ್ತುವೂ ಸೇರಬಹುದು. ಆ ನಷ್ಟದಲ್ಲಿ ನನ್ನ ಪಾಲೂ ಇದೆ.

ಸೈಕಲ್ ಯಂತ್ರವೇ ಕೆಟ್ಟದ್ದೆಂದು ಇದರ ಅರ್ಥವಲ್ಲ. 2009ರ ಸುಮಾರಿಗೆ ಡಿ-ಲ್ಯಾಬಿನಲ್ಲಿ ಕಲಿತ ವಿದ್ಯಾರ್ಥಿನಿಯೊಬ್ಬರು ಟಾಂಜಾನಿಯಾದ ಅರುಷಾ ಪಟ್ಟಣದಲ್ಲಿ ಅಲ್ಲಿನ ಸೈಕಲ್ ಮೆಕ್ಯಾನಿಕರ ಜೊತೆ ಸೇರಿ ಇಂಥದೇ ಯಂತ್ರವನ್ನು ಮಾರಾಟಕ್ಕೆ ತಂದರು. ಅಲ್ಲಿ ಯಂತ್ರವನ್ನು ಸೈಕಲಿಗೆ ಜೋಡಿಸಿ, ಕೆಲಸ ಮುಗಿದ ಮೇಲೆ ಬಿಚ್ಚಬಹುದಾಗಿತ್ತು. ಸೈಕಲು ಸೈಕಲಾಗಿಯೇ ಉಳಿಯುತ್ತಿತ್ತು. ಒಬ್ಬನೇ ಯಂತ್ರ ಹೊತ್ತು ಹೊಲದಿಂದ ಹೊಲಕ್ಕೆ ಹೋಗಿ ಬಾಡಿಗೆಗೆ ಕಾಳು ಬಿಡಿಸಬಹುದಾಗಿತ್ತು. ನಮ್ಮ ಹುಡುಗರ ಯಂತ್ರ ಒಂದು ಮನೆಯ ಸೈಕಲನ್ನೇ ನುಂಗಿತ್ತು.

ನಮ್ಮ ರಾಜ್ಯದಲ್ಲೂ ಎಂಜಿನಿಯರುಗಳು ಹಳ್ಳಿಯಲ್ಲಿ ಪಾಠ ಕಲಿತದ್ದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ತಂಡದವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದರು. ಹತ್ತಿರದ ಪುರ ಗ್ರಾಮದಲ್ಲಿ ಊರಿಗೆಲ್ಲ ಅಡುಗೆ ಅನಿಲ ಒದಗಿಸಲು ಸಗಣಿ ಅನಿಲ ಸ್ಥಾವರ ಕಟ್ಟಿದರು. ಸಗಣಿ ಸಾಲಲಿಲ್ಲ, ಯೋಜನೆ ನಿಂತಿತು. ಸೌದೆ ಹೇಗೋ ಕೈಗೆ ಸಿಗುತ್ತಿತ್ತು, ಜನರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಇದು ತಿಳಿದ ಮೇಲೆ ಅದೇ ಅನಿಲದಿಂದ ಎಂಜಿನ್ ನಡೆಸಿ, 1987ರಿಂದ ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಟ್ಟರು. ಸಗಣಿ ತಂದವರಿಗೆ ಅದರ ರಾಡಿ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಆ ತಂಡವೇ ಇಂದಿನ ಸುಸ್ಥಿರ ತಂತ್ರಜ್ಞಾನ ಕೇಂದ್ರ. ಅವರು ವರ್ಷಗಟ್ಟಲೆ ಅಲ್ಲೇ ಇದ್ದುದರಿಂದ ತಪ್ಪನ್ನು ತಿದ್ದಲು ಸಾಧ್ಯವಾಯಿತು. ಮೂರು ವಾರದ ಶಿಕ್ಷಣದ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ.

ಇನ್ನು ಆ ರೈತ ಬಾಂಧವರ ಪ್ರಶ್ನೆ. ಅರ್ಜಿ ಹಾಕುವ ಮುನ್ನ ಮಗಳು ಆ ಶಿಕ್ಷಣ ಸಂಸ್ಥೆಗೆ ಕಾಗದ ಬರೆದು ಎರಡು ವಿಚಾರ ಕೇಳಲಿ. ಹೋಗುವ ಹಳ್ಳಿಗೆ ನೀವು ಎಷ್ಟು ವರ್ಷದಿಂದ ಹೋಗುತ್ತಿದ್ದೀರಿ? ಹಿಂದಿನ ತಂಡ ಮಾಡಿಕೊಟ್ಟ ಸಾಧನ ಈಗ ಯಾರ ಮನೆಯಲ್ಲಿ ನಡೆಯುತ್ತಿದೆ? ಸ್ಪಷ್ಟ ಉತ್ತರ ಬಂದರೆ, ಮನೆಗೆ ಹೊರೆಯಾಗದ ಮಟ್ಟಿಗೆ ಕಳುಹಿಸಬಹುದು. ಭಾಷೆ ಬಾರದ ಊರಿನಲ್ಲಿ ತನಗೇನೂ ಗೊತ್ತಿಲ್ಲವೆಂದು ಒಪ್ಪಿಕೊಂಡು ಕೇಳುವ ಅಭ್ಯಾಸ ಬೆಳೆಯುತ್ತದೆ. ಸ್ವಂತ ಊರಿನಲ್ಲಿ, ಎಲ್ಲ ಗೊತ್ತೆಂಬ ಭಾವನೆಯಿಂದ, ಅದು ಬೆಳೆಯುವುದು ಕಷ್ಟ. ನನ್ನ ಉದಾಹರಣೆಯೇ ಇದೆಯಲ್ಲ. ಉತ್ತರ ಬಾರದಿದ್ದರೆ ಸಾಲ ಮಾಡಿ ಕಳುಹಿಸಬೇಡಿ.

ಹೋಗುವುದಾದರೂ, ಬಿಡುವುದಾದರೂ, ಈ ಸುಗ್ಗಿಯಲ್ಲಿ ಆಕೆ ನಾಲ್ಕು ದಿನ ಮನೆಗೆ ಬರಲಿ. ಒಂದು ಕ್ವಿಂಟಲ್ ತೆನೆಯನ್ನು ಕೈಯಲ್ಲಿ ಬಿಡಿಸಲು ಎಷ್ಟು ಹೊತ್ತು, ಅಂಗಡಿಯಲ್ಲಿ ಸಿಗುವ ಕೊಳವೆಯಾಕಾರದ ಕೈ ಉಪಕರಣದಿಂದ ಎಷ್ಟು ಹೊತ್ತು, ಬೆಂಡು ಎಷ್ಟು ಕಿ.ಗ್ರಾಂ. ಉಳಿಯಿತು, ಅದು ಈಗ ಯಾರ ಒಲೆಗೆ ಹೋಗುತ್ತಿದೆ ಎಂಬುದನ್ನು ಗಡಿಯಾರ, ತಕ್ಕಡಿ ಹಿಡಿದು ಬರೆದುಕೊಳ್ಳಲಿ. ಬಿಡಿಸುವಾಗ ತಾಯಿಯನ್ನು ಮಾತನಾಡಿಸಲಿ, ತಂದೆ ಮಾತ್ರ ನಡುವೆ ಬಾಯಿ ಹಾಕಬಾರದು. ಆ ಲೆಕ್ಕದ ಪುಸ್ತಕವನ್ನು ನಮ್ಮ ವಿಭಾಗಕ್ಕೆ ತಂದರೆ ಕುಳಿತು ನೋಡಲು ನಾನು ಸಿದ್ಧನಿದ್ದೇನೆ.