ಕಾಲಂ ಇಲ್ಲದ ಸಂಗತಿ

ಕೋಲಾರದ ಚಿನ್ನದ ಗಣಿಯಲ್ಲಿ ಇದ್ದಿರಬಹುದಾದ ಒಂದು ದಪ್ಪ ರಿಜಿಸ್ಟರನ್ನು ಕೇಳುಗರು ಕಣ್ಣಮುಂದೆ ತಂದುಕೊಳ್ಳಬೇಕು. ಹೆಸರು, ನಂಬರು, ಶಾಫ್ಟು, ಪಾಳಿ, ಕೂಲಿ, ಹೀಗೆ ಐದು ಕಾಲಂಗಳು. ಗೆರೆ ಎಳೆದವನು ತನಗೆ ಬೇಕಾದುದನ್ನೆಲ್ಲ ಯೋಚಿಸಿಯೇ ಎಳೆದಿದ್ದಾನೆ. ಒಂದು ದಿನ ಕಾರ್ಮಿಕನೊಬ್ಬ ಬಿಡದ ಕೆಮ್ಮಿನಿಂದ ಆಸ್ಪತ್ರೆಗೆ ಹೋಗುತ್ತಾನೆ. ಅವನ ಶ್ವಾಸಕೋಶದಲ್ಲಿ ಕಲ್ಲಿನ ದೂಳು ಸೇರಿದೆಯೆಂದು ವೈದ್ಯರು ಹೇಳುತ್ತಾರೆ. ಗುಮಾಸ್ತ ಇದನ್ನೆಲ್ಲಿ ಬರೆಯಬೇಕು? ಅದಕ್ಕೆ ಕಾಲಂ ಇಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾನೆ. ಅಂಚಿನಲ್ಲಿ ಬರೆದುದನ್ನು ಯಾರೂ ಕೂಡಿಸಿ ನೋಡುವುದಿಲ್ಲ. ಲೆಕ್ಕಕ್ಕೆ ಬಾರದ ರೋಗಕ್ಕೆ ಪರಿಹಾರವೂ ದೊರೆಯದು. ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಈ ಗಣಿಗಳಿಂದಲೇ. ಗಣಿಯ ಕೆಲಸವಾದರೋ 1880ರ ದಶಕದಿಂದ ನಡೆದಿತ್ತು.

ಗಣಕಯಂತ್ರದ ದತ್ತಸಂಚಯವೂ ಮೂಲತಃ ಇಂಥ ರಿಜಿಸ್ಟರೇ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ಇದಕ್ಕೊಂದು ಶಿಸ್ತನ್ನು ಕೊಟ್ಟರು. ಮಾಹಿತಿಯೆಲ್ಲ ಕೋಷ್ಟಕಗಳಲ್ಲಿರಬೇಕು, ಕೋಷ್ಟಕಗಳು ಕೂಡುವುದು ಎರಡರಲ್ಲೂ ಇರುವ ಒಂದು ಗುರುತಿನ ಮೂಲಕ. ಚೆನ್ನೈ ಕಡೆಯ ಹಳಿಯೂ ಮಾರಿಕುಪ್ಪಂ ಕಡೆಯ ಹಳಿಯೂ ಬಂಗಾರಪೇಟೆಯಲ್ಲಿ ಸಂಧಿಸುವಂತೆ, ಕಾರ್ಮಿಕರ ಕೋಷ್ಟಕವೂ ಕೂಲಿಯ ಕೋಷ್ಟಕವೂ ಕಾರ್ಮಿಕನ ನಂಬರಿನಲ್ಲಿ ಸಂಧಿಸುತ್ತವೆ.

ಆದರೆ ಕೆಮ್ಮಿನ ಪ್ರಶ್ನೆ ಉಳಿದೇ ಇದೆ. ಹೊಸ ಸಂಗತಿ ಬಂದಾಗಲೆಲ್ಲ ಹೊಸ ಕಾಲಂ ಸೇರಿಸುತ್ತ ಹೋದರೆ ಕೋಷ್ಟಕ ಉಬ್ಬುತ್ತದೆ, ಬಹುಪಾಲು ಮನೆಗಳು ಖಾಲಿ ಬಿದ್ದಿರುತ್ತವೆ. ಪ್ರತಿಸಲವೂ ತಜ್ಞನನ್ನೇ ಕರೆಸಬೇಕು. ಇದಕ್ಕೊಂದು ಜಾಣ ಉಪಾಯವಿದೆ: ಕಾಲಂಗಳನ್ನೇ ಸಾಲುಗಳಾಗಿ ಬರೆದಿಡುವುದು. ಮೊದಲನೆಯ ಕೋಷ್ಟಕದಲ್ಲಿ ಕಾರ್ಮಿಕರು. ಎರಡನೆಯದರಲ್ಲಿ ವಿವರಗಳ ಹೆಸರುಗಳು: ‘ಎಕ್ಸ್‌ರೇ ತೆಗೆದ ದಿನ’, ‘ದೂಳಿನಲ್ಲಿ ಕೆಲಸಮಾಡಿದ ವರ್ಷಗಳು’. ಮೂರನೆಯದರಲ್ಲಿ ಯಾರ, ಯಾವ ವಿವರ, ಎಷ್ಟು ಎಂಬುದು. ವೈದ್ಯರಿಗೆ ಹೊಸದೊಂದು ಸಂಗತಿ ಬೇಕೆನಿಸಿದರೆ ಎರಡನೆಯ ಕೋಷ್ಟಕದಲ್ಲಿ ತಾವೇ ಒಂದು ಸಾಲು ಸೇರಿಸಿದರಾಯಿತು. ಗೆರೆ ಅಳಿಸುವ ಪ್ರಮೇಯವಿಲ್ಲ.

ಇಷ್ಟು ಸಲಿಗೆಗೆ ಬೆಲೆಯೂ ಇದೆ. ದಿನಾಂಕದ ಜಾಗದಲ್ಲಿ ಒಬ್ಬ ‘6-3’ ಎಂದೂ ಮತ್ತೊಬ್ಬ ‘ಹೋದ ಯುಗಾದಿಗೆ’ ಎಂದೂ ಬರೆದರೆ ಯಂತ್ರ ಏನನ್ನು ಎಣಿಸೀತು? ಒಬ್ಬನ ಪೂರ್ಣ ಚಿತ್ರಕ್ಕೆ ಹತ್ತಾರು ಸಾಲುಗಳನ್ನು ಹೆಕ್ಕಿ ಜೋಡಿಸುವ ಶ್ರಮ ಬೇರೆ.

ಗಣಿಯನ್ನೇ ನೋಡಿ ಕಲಿಯಬಹುದು. ಶಾಫ್ಟನ್ನು ಮೊದಲೇ ಲೆಕ್ಕಹಾಕಿ ಭದ್ರವಾಗಿ ಇಳಿಸುತ್ತಾರೆ. ಸುರಂಗಗಳು ಅದಿರು ತಿರುಗಿದತ್ತ ತಿರುಗುತ್ತವೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದದ್ದು ಹೀಗೆ. ಆದರೆ ಆ ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುತ್ತಿತ್ತು. ಆಸರೆಯಿಲ್ಲದ ಸುರಂಗ ಜೀವಕ್ಕೆ ಎರವು. ದತ್ತಸಂಚಯದಲ್ಲಿಯೂ ಎಲ್ಲರಿಗೂ ಸಲ್ಲುವ ಹೆಸರು, ನಂಬರುಗಳು ಶಾಫ್ಟಿನಂತೆ ಸ್ಥಿರವಾದ ಕಾಲಂಗಳಲ್ಲಿರಲಿ. ಬದಲಾಗುವ ವಿವರಗಳು ಸುರಂಗದಂತೆ ಬೆಳೆಯಲಿ. ಆದರೆ ಪ್ರತಿ ವಿವರದ ಹೆಸರಿನೊಡನೆ ಅದು ಸಂಖ್ಯೆಯೋ, ದಿನಾಂಕವೋ, ಅದರ ಮಿತಿ ಎಷ್ಟೆಂಬ ಆಸರೆಯನ್ನೂ ನಿಲ್ಲಿಸಬೇಕು. ಎಲ್ಲರ ಬಗೆಗೂ ಕೇಳಲೇಬೇಕಾದ ವಿವರವೆಂದು ಖಚಿತವಾದಾಗ ಅದಕ್ಕೆ ಸ್ಥಿರವಾದ ಕಾಲಂ ಕೊಡಬೇಕು. ಇತ್ತೀಚಿನ ದತ್ತಸಂಚಯಗಳು ಸಡಿಲ ವಿವರಗಳನ್ನು ‘ಜೇಸನ್’ ರೂಪದಲ್ಲಿ ಒಂದೇ ಮನೆಯಲ್ಲಿಡಲು ಅವಕಾಶ ಕೊಡುತ್ತವೆ. ಆಗಲೂ ಆಸರೆಯ ಚಿಂತೆ ತಪ್ಪಿದ್ದಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆದರೆ ದೂಳಿನಿಂದ ದೂರವಾದ ಮೇಲೂ ಸಿಲಿಕೋಸಿಸ್ ಬೆಳೆಯಬಲ್ಲದು. ಕೂಲಿಗಾಗಿ ಗೆರೆ ಎಳೆದ ಪುಸ್ತಕವನ್ನು, ಕೂಲಿ ನಿಂತ ಮೇಲೆ, ಉಸಿರಿನ ಬಗ್ಗೆ ಕೇಳಬೇಕಾಗುತ್ತದೆ. ದತ್ತಸಂಚಯ ಕಟ್ಟುವವನು ನಾಳೆಯ ಪ್ರಶ್ನೆಗಳನ್ನೆಲ್ಲ ಬಲ್ಲವನಲ್ಲ. ಅವು ಬಂದಾಗ ಬರೆದಿಡಲು ಜಾಗ ಬಿಟ್ಟಿರಬಲ್ಲ. ಅಷ್ಟನ್ನು ಮಾಡಿದರೆ ಕಾರ್ಮಿಕನ ಕೆಮ್ಮು ಪುಟದ ಅಂಚಿನಲ್ಲಿಯೇ ಉಳಿಯುವುದಿಲ್ಲ.