ಬೂದಿಯ ಪಯಣ

ಬೆಕ್ಕು ಬಹುಕಾಲ ಬಾಳಿದ ಮನೆಯಲ್ಲಿ ಬಾಗಿಲ ಚೌಕಟ್ಟನ್ನು ಬಗ್ಗಿ ನೋಡಬೇಕು. ನೆಲದಿಂದ ಒಂದು ಗೇಣು ಮೇಲೆ, ಮರದ ಅಂಚಿನಲ್ಲಿ, ಎಣ್ಣೆಗೈ ಸವರಿದಂಥ ಕಂದು ಕಲೆಯೊಂದು ಇರುತ್ತದೆ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯಲ್ಲಿ ಅಂಥ ಕಲೆ ಅಡುಗೆಮನೆಯ ಬಾಗಿಲಿಗಿದೆ, ಜಗುಲಿಯ ಕಂಬಕ್ಕಿದೆ, ಅಕ್ಕಿ ಡಬ್ಬ ಇಡುವ ಮಣೆಯ ಮೂಲೆಗಿದೆ. ಬೂದಿ ಎಂಬ ನಮ್ಮ ಬೂದುಬಣ್ಣದ ಹೆಣ್ಣುಬೆಕ್ಕು ಬೆಳಿಗ್ಗೆ ಎದ್ದು ಮೈಮುರಿದು ಮೊದಲು ಮಾಡುವ ಕೆಲಸ ಇವನ್ನೆಲ್ಲ ಒಂದು ಸುತ್ತು ನೋಡಿಬರುವುದು. ಪ್ರತಿ ಕಲೆಯ ಮುಂದೂ ನಿಂತು ಮೂಸುತ್ತದೆ, ಬಾಯಿಯ ಮೂಲೆಯಿಂದ ಕಿವಿಯ ಬುಡದವರೆಗೆ ಕೆನ್ನೆ ಒತ್ತಿ ಉಜ್ಜುತ್ತದೆ, ಮುಂದಕ್ಕೆ ಹೋಗುತ್ತದೆ. ಕೆನ್ನೆ, ಗಲ್ಲ, ಹಣೆಯ ಗ್ರಂಥಿಗಳಿಂದ ಒಸರುವ ವಾಸನೆ ಅದು. ನಮ್ಮ ಮೂಗಿಗೆ ಸಿಗದು. ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಾಜಾ 1990ರ ದಶಕದಲ್ಲಿ ಈ ಮುಖದ ಒಸರನ್ನು ಐದು ಭಾಗವಾಗಿ ಬಿಡಿಸಿದರು. ಅದರಲ್ಲಿ ಮೂರನೆಯದು ಬೆಕ್ಕು ತನ್ನ ಮನೆಯ ವಸ್ತುಗಳಿಗೆ ಹಚ್ಚುವಂಥದ್ದು. ಆ ವಾಸನೆ ಇರುವಲ್ಲಿ ಬೆಕ್ಕು ನಿಶ್ಚಿಂತೆಯಿಂದ ಉಣ್ಣುತ್ತದೆ, ಮಲಗುತ್ತದೆ.

ಕಾರಿನಲ್ಲಿ ಬೆಕ್ಕು ಯಾಕೆ ಅಷ್ಟೊಂದು ಹೆದರುತ್ತದೆ ಎಂದು ಕೇಳುವವರಿಗೆ ನಾನು ಮೊದಲು ಈ ಕಲೆಗಳನ್ನು ತೋರಿಸುತ್ತೇನೆ. ಬಾಗಿಲು ಮುಚ್ಚಿ ಕಾರು ಹೊರಟ ಗಳಿಗೆಯಲ್ಲಿ ಬೆಕ್ಕಿನ ಪಾಲಿಗೆ ಇವೆಲ್ಲ ಒಮ್ಮೆಲೇ ಅಳಿಸಿಹೋಗುತ್ತವೆ.

ಸದ್ದಿನಿಂದಲೇ ಹೆದರುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಬೈತಖೋಲ ಬಂದರಿನ ಬೆಕ್ಕುಗಳನ್ನು ನೋಡಿದವರು ಅಷ್ಟು ಸುಲಭವಾಗಿ ಹಾಗೆನ್ನಲಾರರು. ಬೋಟುಗಳು ದಡ ಸೇರಿ ಬಂಗಡೆ, ತಾರ್ಲೆ ಇಳಿಯುವ ಹೊತ್ತಿಗೆ ಅಲ್ಲಿ ಕಿವಿಗಡಚಿಕ್ಕುವ ಗದ್ದಲ. ಮಂಜುಗಡ್ಡೆಯ ಲಾರಿ ಇಂಜಿನ್ ಆರಿಸದೆ ನಿಂತಿರುತ್ತದೆ, ಪ್ಲಾಸ್ಟಿಕ್ ಬುಟ್ಟಿಗಳನ್ನು ಸಿಮೆಂಟಿನ ಮೇಲೆ ಕರಕರ ಎಳೆದಾಡುತ್ತಾರೆ. ಲಾರಿಯಿಂದ ಮಾರು ದೂರದಲ್ಲಿ, ಬಲೆಯ ರಾಶಿಯ ಮೇಲೆ, ಒಂದು ಹಳದಿ ಗಂಡುಬೆಕ್ಕು ಮುಂಗಾಲು ಮಡಚಿ ಅರೆಗಣ್ಣು ಮಾಡಿ ಕೂತಿರುತ್ತದೆ. ಲಾರಿ ಹಿಂದಕ್ಕೆ ಬಂದರೆ ಎದ್ದು ನಾಲ್ಕು ಹೆಜ್ಜೆ ಸರಿದು ಮತ್ತೆ ಕೂರುತ್ತದೆ. ಆ ನಾಲ್ಕು ಹೆಜ್ಜೆ ಸರಿಯುವ ಅನುಕೂಲವೇ ಅದರ ಧೈರ್ಯ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಜ್‌ಗೆ ಸೋತರೆ ಬೆಕ್ಕಿನದು 60,000ವನ್ನೂ ದಾಟುತ್ತದೆ. ನಮಗೆ ಕೇಳದ ಬ್ರೇಕಿನ ಕಿರುಗುಡುವಿಕೆಯೂ ಅದಕ್ಕೆ ಕೇಳುತ್ತದೆ. ಆದರೂ ಸರಿಯಲು ಜಾಗವಿದ್ದರೆ ತಾಳಿಕೊಳ್ಳುತ್ತದೆ. ಕಾರಿನಲ್ಲಿ ಸರಿಯಲು ಜಾಗವಿಲ್ಲ, ಕಾಲಡಿಯ ನೆಲವೂ ನಿಲ್ಲುವುದಿಲ್ಲ.

ಹಡಗಿನ ಬೆಕ್ಕುಗಳ ನೆನಪಾಗುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಇಲಿ ಹಿಡಿಯಲು ಬೆಕ್ಕು ಸಾಕುವುದು ವಾಡಿಕೆಯಾಗಿತ್ತು. ಸಮುದ್ರದ ಮೇಲೆಯೇ ಬಾಳು ಸವೆಸಿದ ಬೆಕ್ಕುಗಳಿವೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕು ಸಿಕ್ಕಿತು. ಸುದ್ದಿ ಹೊರಬಿದ್ದದ್ದು 2004ರಲ್ಲಿ. ಆ ದ್ವೀಪಕ್ಕೆ ಬೆಕ್ಕು ಮೂಲನಿವಾಸಿಯಲ್ಲ. ಅದನ್ನೋ ಅದರ ಹಿರಿಯರನ್ನೋ ಯಾರೋ ದೋಣಿಯಲ್ಲಿ ಕೂರಿಸಿಕೊಂಡು ತಂದಿರಲೇಬೇಕು. ಅಂದರೆ ಬೆಕ್ಕಿಗೆ ಪಯಣ ಹೊಸತಲ್ಲ. ಹಡಗಿನ ಹಗ್ಗಕ್ಕೂ ಕಂಬಕ್ಕೂ ಕೆನ್ನೆ ಉಜ್ಜಿದ ಮೇಲೆ ಹಡಗೇ ಮನೆ. ಮನೆ ತನ್ನ ಜೊತೆಗೇ ಚಲಿಸುವುದಾದರೆ ಬೆಕ್ಕು ಚಲಿಸಲು ಒಪ್ಪುತ್ತದೆ ಎಂದು ನಾನು ನಂಬಿದ್ದು ಇದರಿಂದ.

ಒಪ್ಪಿಸುವ ಅಗತ್ಯವೇನು ಎಂದು ಕೇಳಬಹುದು. ಅಂಕೋಲೆಯಲ್ಲಿ ಅಕ್ಕ ಒಬ್ಬಳೇ ಇದ್ದಾಳೆ. ವರ್ಷದಲ್ಲಿ ಕೆಲವು ತಿಂಗಳು ನಮ್ಮ ವಾಸ ಅಲ್ಲಿ. ಅದು ನಮ್ಮ ಮನೆಯ ಕಾರಣ. ಇನ್ನೊಂದು ಕಾರಣ ಈ ಸೀಮೆಯದು. 2019ರ ಆಗಸ್ಟಿನಲ್ಲಿ ಗಂಗಾವಳಿಯೂ ಕಾಳಿಯೂ ಉಕ್ಕಿ ದಡದ ಊರುಗಳಿಗೆ ನುಗ್ಗಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜರಿದು ಜೀವಗಳು ಹೋದವು, ದಾರಿ ದಿನಗಟ್ಟಲೆ ಮುಚ್ಚಿತು. ಗಡಿಬಿಡಿಯಲ್ಲಿ ಮನೆ ಬಿಡಬೇಕಾದ ಹೊತ್ತು ಈ ಕರಾವಳಿಯಲ್ಲಿ ಯಾರಿಗೂ ಬರಬಹುದು. ಅಂಥ ಹೊತ್ತಿನಲ್ಲಿ ಅಟ್ಟ ಹತ್ತಿ ಕೂತ ಬೆಕ್ಕನ್ನು ಇಳಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಪೆಟ್ಟಿಗೆ ಕಂಡರೆ ತಾನಾಗಿ ಒಳಹೋಗುವ ಬೆಕ್ಕು ಬದುಕಿಕೊಳ್ಳುತ್ತದೆ.

ಹಿಂದೆ ಬೆಕ್ಕನ್ನು ಸಾಗಿಸುತ್ತಿದ್ದುದು ಗೋಣಿಚೀಲದಲ್ಲಿ. ಕಾಟ ಕೊಡುವ ಬೆಕ್ಕನ್ನು ಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬರುವುದನ್ನು ನಮ್ಮ ಕಡೆಯ ಹಿರಿಯರೆಲ್ಲ ಕಂಡಿದ್ದಾರೆ. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯೂ ವರ್ಷಕ್ಕೊಮ್ಮೆ, ಚುಚ್ಚುಮದ್ದಿನ ದಿನ ಮಾತ್ರ ಅಟ್ಟದಿಂದ ಇಳಿದರೆ ಬೆಕ್ಕಿಗೆ ಅದಕ್ಕೂ ಗೋಣಿಗೂ ವ್ಯತ್ಯಾಸವಿಲ್ಲ. ಆದ್ದರಿಂದ ಬೂದಿಯ ಪೆಟ್ಟಿಗೆ ಮಳೆಗಾಲವಿಡೀ ಜಗುಲಿಯಲ್ಲೇ ಇತ್ತು. ಬಾಗಿಲು ಕಳಚಿಟ್ಟು, ಒಳಗೆ ಅಮ್ಮನ ಹಳೆಯ ನೂಲಿನ ಸೀರೆಯ ತುಂಡು ಹಾಸಿದ್ದೆವು. ಅದೇ ತುಂಡಿನಿಂದ ಬೂದಿಯ ಕೆನ್ನೆಯನ್ನು ದಿನವೂ ಮೆಲ್ಲಗೆ ಒರೆಸಿ, ಪೆಟ್ಟಿಗೆಯ ಒಳಮೂಲೆಗಳಿಗೆ ತಿಕ್ಕುತ್ತಿದ್ದೆ.

ಮೊದಮೊದಲು ಅದು ಪೆಟ್ಟಿಗೆಯನ್ನು ಸುತ್ತು ಬಳಸಿಯೇ ಓಡಾಡಿತು. ಆಮೇಲೆ ಕತ್ತು ಮಾತ್ರ ಒಳಗೆ ಚಾಚಿ, ಹಿಂಗಾಲು ಹೊರಗೇ ಊರಿ, ಬೇಯಿಸಿದ ತಾರ್ಲೆಯ ಚೂರನ್ನು ಕಚ್ಚಿ ಈಚೆ ಬಂತು. ಜೋರು ಮಳೆಯ ಒಂದು ಮಧ್ಯಾಹ್ನ, ಎರಚಲು ಜಗುಲಿಗೆ ಹೊಡೆದಾಗ, ಪೂರ್ತಿ ಒಳಗೆ ಹೋಗಿ ಬಾಲ ಸುತ್ತಿಕೊಂಡು ನಿದ್ದೆ ಮಾಡಿತು. ಎದ್ದು ಹೊರಬರುವಾಗ ಪೆಟ್ಟಿಗೆಯ ಅಂಚಿಗೆ ಕೆನ್ನೆ ಉಜ್ಜಿತು. ನಾನು ಕಾಯುತ್ತಿದ್ದುದು ಅದಕ್ಕೇ. ಬಾಗಿಲು ಸಿಕ್ಕಿಸಿದ್ದು ಆಮೇಲೆ. ಮೊದಲು ಮುಚ್ಚಿ ಕೂಡಲೇ ತೆರೆಯುವುದು, ನಂತರ ಒಂದು ಚೂರು ಮೀನು ತಿಂದು ಮುಗಿಸುವಷ್ಟು ಹೊತ್ತು, ನಂತರ ಎತ್ತಿ ಅಂಗಳದವರೆಗೆ. ಹಿಡಿಯಲ್ಲಿ ತೂಗಾಡಿಸದೆ ಅಡಿಗೆ ಕೈಕೊಟ್ಟು ಎದೆಗೊತ್ತಿ ಒಯ್ಯಬೇಕು.

ಆಸ್ಟ್ರಿಯಾದ ವಿಯೆನ್ನಾದಲ್ಲಿ ಇದೇ ಬಗೆಯ ಅಭ್ಯಾಸವನ್ನು ಪರೀಕ್ಷಿಸಿ ನೋಡಿದ ವರದಿ 2018ರಲ್ಲಿ ಬಂತು. 22 ಬೆಕ್ಕುಗಳಲ್ಲಿ ಅರ್ಧದಷ್ಟಕ್ಕೆ ಆರು ವಾರ ಹಂತಹಂತವಾಗಿ ಪೆಟ್ಟಿಗೆಯ ರೂಢಿ ಮಾಡಿಸಿದರು, ಉಳಿದವನ್ನು ಹಾಗೇ ಬಿಟ್ಟರು. ರೂಢಿಯಾದವು ಕಾರಿನಲ್ಲಿ ಕಡಿಮೆ ಹೆದರಿದವು. ಆರು ವಾರ ಯಾರಿಗಿದೆ ಎನ್ನುವವರು ಒಂದು ಮಳೆಗಾಲ ಎಷ್ಟು ಉದ್ದವೆಂದು ನೆನೆಸಿಕೊಳ್ಳಲಿ; ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗುಲಿ ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಕಾರಿನ ಸರದಿ ಬಂದಾಗ ಪೆಟ್ಟಿಗೆಯನ್ನು ಚಾಲಕನ ಪಕ್ಕದ ಸೀಟಿನ ಹಿಂದೆ, ಕೆಳಗೆ, ನೆಲಕ್ಕೆ ತಾಗಿಸಿ ಇಟ್ಟೆ. ಅಲ್ಲಿ ಓಲಾಟ ಕಡಿಮೆ, ಬ್ರೇಕು ಬಿದ್ದರೆ ಮುಂದಕ್ಕೆ ಹಾರುವುದಿಲ್ಲ. ಮೂರು ಬದಿಗೆ ತೆಳುಬಟ್ಟೆ ಹೊದಿಸಿ, ನನ್ನ ಕಡೆಯ ಜಾಲರಿಯನ್ನಷ್ಟೇ ತೆರೆದಿಟ್ಟೆ. ಕಾರಿನೊಳಗಿನ ಸುಗಂಧದ ಡಬ್ಬಿ ತೆಗೆದುಹಾಕಿದ್ದಾಯಿತು. ನೀಲಗಿರಿ ಎಣ್ಣೆ, ಕರ್ಪೂರ, ನುಸಿಗುಳಿಗೆ ಇವು ಬೆಕ್ಕಿಗೆ ಬರೀ ಅಸಹ್ಯವಲ್ಲ, ವಿಷ. ಕೆಲವು ದಿನ ಕಾರು ನಿಂತಲ್ಲೇ ನಿಂತಿತ್ತು. ಆಮೇಲೆ ಇಂಜಿನ್ ಮಾತ್ರ. ಆಮೇಲೆ ಕಾಳಿ ಸೇತುವೆಯವರೆಗೆ ಹೋಗಿ ವಾಪಸು.

ಹತ್ತಿರದಿಂದ ನೋಡಿದರೆ ಬೆಕ್ಕಿನ ಹೆದರಿಕೆ ಕೂಗಿಗಿಂತ ಮೊದಲು ಬೇರೆ ಕಡೆ ಕಾಣಿಸುತ್ತದೆ. ಕಣ್ಣಿನ ಪಾಪೆ ಹಗಲು ಬೆಳಕಿನಲ್ಲೂ ಅಗಲವಾಗುತ್ತದೆ. ಕಿವಿಗಳು ಮೊದಲು ಒಂದೊಂದು ದಿಕ್ಕಿಗೆ ತಿರುಗಿ, ಆಮೇಲೆ ಎರಡೂ ಪಕ್ಕಕ್ಕೆ ಮಲಗುತ್ತವೆ. ಪೆಟ್ಟಿಗೆಯ ಪ್ಲಾಸ್ಟಿಕ್ ಅಂಚಿನ ಮೇಲೆ ಪಾದದ ಒದ್ದೆ ಗುರುತು ಮೂಡುತ್ತದೆ: ನಾಲ್ಕು ಬೆರಳು, ನಡುವೆ ಒಂದು ದಪ್ಪ ಮೆತ್ತೆ, ನೋಡುತ್ತಿದ್ದಂತೆ ಆರಿಹೋಗುವ ತೇವ. ಬೆಕ್ಕು ಬೆವರುವುದು ಅಂಗಾಲಿನಲ್ಲಿ. ಕೂಗದ ಬೆಕ್ಕು ಆರಾಮಾಗಿದೆ ಎಂದುಕೊಳ್ಳಬಾರದು. ಮೈಯನ್ನು ಕುಗ್ಗಿಸಿ, ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು ಕೂತ ಬೆಕ್ಕು ಕೂಗುವುದಕ್ಕಿಂತ ಹೆಚ್ಚು ಹೆದರಿರಬಹುದು. ಬಾಯಿ ತೆರೆದು ನಾಯಿಯ ಹಾಗೆ ತೇಕುತ್ತಿದ್ದರೆ ಕಾರು ನಿಲ್ಲಿಸಿ ತಂಪು ಮಾಡಲೇಬೇಕು, ನಿಲ್ಲದಿದ್ದರೆ ವೈದ್ಯರಲ್ಲಿಗೆ. ನಮ್ಮ ಕಡೆಯ ಸೆಕೆಯಲ್ಲಿ ನಿಂತ ಕಾರಿನೊಳಗೆ ಬೆಕ್ಕನ್ನು ಒಂದು ಗಳಿಗೆಯೂ ಬಿಟ್ಟುಹೋಗಬಾರದು.

ಅಂಕೋಲೆಗೆ ಹೊರಟದ್ದು ದಸರಾ ಕಳೆದ ಮೇಲೆ, ಬೆಳಕು ಹರಿಯುವ ಹೊತ್ತಿಗೆ. ಕಾರವಾರದಿಂದ ಅಂಕೋಲೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 35 ಕಿಲೋಮೀಟರ್. ಹಿಂದಿನ ರಾತ್ರಿ ಬೇಗ ಉಣಿಸಿ, ಬೆಳಿಗ್ಗೆ ನೀರು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಬಿಣಗಾ ಕಡೆಯ ಸುರಂಗ ಹೊಕ್ಕಾಗ ಸದ್ದು ಒಮ್ಮೆಲೇ ಗೋಡೆಗೆ ಬಡಿದು ಒಳಗೆ ನುಗ್ಗಿತು. ಬೂದಿಯ ಕಿವಿಗಳು ಚಪ್ಪಟೆಯಾದವು, ಉದ್ದಕ್ಕೆ ಎಳೆದ ಕೆಳದನಿಯ ಕೂಗು ಹೊರಟಿತು. ಸುರಂಗ ಮುಗಿದು ಕೂಗು ನಿಂತ ಮೇಲೂ ಅರ್ಗಾದಲ್ಲಿ ಕದಂಬ ನೌಕಾನೆಲೆಯ ಗೋಡೆ ದಾಟುವವರೆಗೆ ಕಿವಿ ಮೇಲೇಳಲಿಲ್ಲ.

ಅಮದಳ್ಳಿಯ ಹತ್ತಿರ ಮುಂದಿದ್ದ ಮೀನಿನ ಲಾರಿಯಿಂದ ಮಂಜಿನ ನೀರು ರಸ್ತೆಗೆ ಸುರಿಯುತ್ತಿತ್ತು. ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿದೆ. ಜಾಲರಿಯ ಹಿಂದೆ ಮೂಗಿನ ಹೊಳ್ಳೆಗಳು ಅದುರಿದವು, ಮೀಸೆ ಮುಂದಕ್ಕೆ ಬಂತು, ಪಾಪೆ ಸಣ್ಣದಾಯಿತು. ಮನೆ ಬಿಟ್ಟ ಮೇಲೆ ಬೂದಿಗೆ ಗುರುತಿದ್ದ ಮೊದಲ ಸಂಗತಿ ಅದು. ಆ ಲಾರಿಯನ್ನು ಹಿಂದಿಕ್ಕುವ ಮನಸ್ಸಾಗಲಿಲ್ಲ; ಹಾರವಾಡದವರೆಗೂ ಅದರ ಬೆನ್ನಿಗೇ ಹೋದೆವು.

ಅವರ್ಸಾ ದಾಟಿದ ಮೇಲೆ ಕಂಡದ್ದು ಬೇರೆ. ಬೂದಿ ತುಟಿ ನೆಕ್ಕಿಕೊಂಡಿತು, ಗುಟುಕರಿಸಿತು, ಮತ್ತೆ ನೆಕ್ಕಿಕೊಂಡಿತು. ಗಲ್ಲದ ಕೂದಲು ಜೊಲ್ಲಿನಿಂದ ಒದ್ದೆಯಾಯಿತು. ಹೆದರಿಕೆ ಹೊರಟ ಕೂಡಲೇ ತೋರುತ್ತದೆ, ಸದ್ದಿಗೆ ಏರುತ್ತದೆ. ಹೊಟ್ಟೆ ತೊಳಸುವುದು ತಡವಾಗಿ, ತಿರುವು ಮತ್ತು ಬ್ರೇಕುಗಳ ಲೆಕ್ಕ ಹಿಡಿದು ಬರುತ್ತದೆ. ಒಳಗಿವಿ ಚಲನೆಯನ್ನು ಹೇಳುತ್ತದೆ, ಕಣ್ಣು ಪೆಟ್ಟಿಗೆಯ ನಿಂತ ಗೋಡೆಯನ್ನು ಹೇಳುತ್ತದೆ, ಎರಡೂ ತಾಳೆಯಾಗುವುದಿಲ್ಲ. ಈ ಎರಡನ್ನೂ ‘ಬೆಕ್ಕಿಗೆ ಕಾರು ಆಗುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುವುದರಿಂದಲೇ ಎಷ್ಟೋ ಬೆಕ್ಕುಗಳ ಕಷ್ಟ ಹಾಗೇ ಉಳಿಯುತ್ತದೆ. ಹೆದರಿಕೆಗೆ ಪೆಟ್ಟಿಗೆಯ ರೂಢಿ ಮದ್ದು. ಹೊಟ್ಟೆಗೆ ನಿಧಾನದ ಚಾಲನೆ, ಖಾಲಿ ಹೊಟ್ಟೆ, ಬೇಕಾದರೆ ಪಶುವೈದ್ಯರು ಕೊಡುವ ವಾಂತಿ ತಡೆಯುವ ಮಾತ್ರೆ. ಹಟ್ಟಿಕೇರಿ ಟೋಲಿನ ಈಚೆಗೆ ನೆರಳು ನೋಡಿ ನಿಲ್ಲಿಸಿದೆವು. ಪೆಟ್ಟಿಗೆ ತೆರೆಯಲಿಲ್ಲ, ಹೆದ್ದಾರಿಯ ಪಕ್ಕದಲ್ಲಿ ಪೆಟ್ಟಿಗೆ ತೆರೆದರೆ ಬೆಕ್ಕು ಹೋಯಿತೆಂದೇ ಲೆಕ್ಕ. ನೆಲ ಅಲುಗದೆ ನಿಂತದ್ದೇ ಸಾಕಾಯಿತು, ಜೊಲ್ಲು ನಿಂತಿತು.

ರೂಢಿಗೂ ಬಗ್ಗದಷ್ಟು ಹೆದರುವ ಬೆಕ್ಕುಗಳಿವೆ. ಅವಕ್ಕೆ ಔಷಧ ಕೊಡಿಸುವುದು ಸೋಲಲ್ಲ, ದಯೆ. ಗಾಬಾಪೆಂಟಿನ್ ಎಂಬ ಮದ್ದನ್ನು ಪ್ರಯಾಣಕ್ಕೆ ಒಂದೂವರೆ ಗಂಟೆ ಮೊದಲು ಕೊಟ್ಟಾಗ ಬೆಕ್ಕುಗಳ ಕಳವಳ ಇಳಿದದ್ದನ್ನು ಅಮೆರಿಕದ ವೈದ್ಯರು 2017ರಲ್ಲಿ ದಾಖಲಿಸಿದರು. ಪ್ರಯಾಣದ ಹೆದರಿಕೆಗೆಂದೇ ಪ್ರಿಗಾಬಾಲಿನ್ ದ್ರವಕ್ಕೆ ಅಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ತೂಕ ನೋಡಿ ಪ್ರಮಾಣ ಹೇಳಬೇಕಾದವರು ಪಶುವೈದ್ಯರೇ. ಮನೆಯ ಡಬ್ಬಿಯ ಮಾತ್ರೆಗೆ ಕೈಹಾಕಬಾರದು. ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಇಲ್ಲಿ ಕುಪ್ಪಿಗಿಡದ ಮಾತು ಹೇಳಲೇಬೇಕು. ಅಕ್ಕನ ಹಿತ್ತಲಲ್ಲಿ, ಬಾವಿಕಟ್ಟೆಯ ಸುತ್ತ, ಕಳೆಯಾಗಿ ಬೆಳೆಯುವ ಗಿಡ ಅದು. ಕಿತ್ತರೆ ಬೇರಿನ ವಾಸನೆಗೆ ಬೆಕ್ಕುಗಳು ಓಡಿಬರುತ್ತವೆ, ಉರುಳಾಡುತ್ತವೆ, ಮುಖ ಉಜ್ಜುತ್ತವೆ. ಬೇರಿನಲ್ಲಿರುವ, ಬೆಕ್ಕನ್ನು ಸೆಳೆಯುವ ರಾಸಾಯನಿಕಗಳನ್ನು 2016ರಲ್ಲಿ ಗುರುತಿಸಿದ್ದಾರೆ. ಪಯಣಕ್ಕೆ ಮಾತ್ರ ಇದು ಬೇಡ ಎಂಬುದು ನನ್ನ ಅಭಿಪ್ರಾಯ. ಆ ವಾಸನೆ ಬೆಕ್ಕನ್ನು ಕೆರಳಿಸುತ್ತದೆ, ಗಿಡದಲ್ಲಿ ವಿಷದ ಅಂಶವೂ ಇದೆ. ಹಿತ್ತಲ ಬಯಲಲ್ಲಿ ನೋಡಿ ಸಂತೋಷಪಡಲು ಸರಿ.

ಅಕ್ಕನ ಮನೆಯಲ್ಲಿ ಒಂದು ಕೋಣೆಯನ್ನು ಬೂದಿಗೆಂದೇ ತೆಗೆದಿಟ್ಟಿದ್ದೆವು. ಪೆಟ್ಟಿಗೆಯ ಬಾಗಿಲು ತೆರೆದು, ಮಲಮೂತ್ರಕ್ಕೆಂದು ಮಣ್ಣು ತುಂಬಿದ ತಟ್ಟೆಯನ್ನೂ ನೀರನ್ನೂ ದೂರದೂರ ಇಟ್ಟು ಕೂತೆ. ಬೂದಿ ಹೊರಬರಲಿಲ್ಲ. ಕೈ ಚಾಚಿದೆ.

“ಎಳೀಬೇಡ ತಮಾ, ತಾನೇ ಬರ್ಲಿ,” ಎಂದಳು ಅಕ್ಕ ಬಾಗಿಲಿನಿಂದ. “ಹೊಸ ಮನೆ ಅಲ್ವಾ ಅದಕ್ಕೆ.”

ಅದು ಬಂದದ್ದು ಕತ್ತಲಾದ ಮೇಲೆ, ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿ, ಗೋಡೆ ಹಿಡಿದು. ಮಂಚದ ಕಾಲು, ಭತ್ತದ ಚೀಲ, ಕಿಟಕಿಯ ಕೆಳಗಿನ ಸಾರಣೆ, ಎಲ್ಲವನ್ನೂ ಮೂಸಿ ಮತ್ತೆ ಪೆಟ್ಟಿಗೆಗೇ ಮರಳಿ ಮಲಗಿತು. ಎರಡು ಮೂರು ವಾರವಾದರೂ ಮನೆಯೊಳಗೇ ಇಟ್ಟುಕೊಳ್ಳಬೇಕು. ಬೇಗ ಹೊರಗೆ ಬಿಟ್ಟರೆ ಹಳೆಯ ಮನೆ ಹುಡುಕಿಕೊಂಡು ಹೆದ್ದಾರಿಯತ್ತ ಹೊರಡುವ ಬೆಕ್ಕುಗಳುಂಟು. ಮಂಚದ ಕಾಲಿಗೆ ಕೆನ್ನೆ ಉಜ್ಜುವುದನ್ನು ಕಂಡ ಮೇಲೆ ನಾವು ಕೋಣೆಯ ಬಾಗಿಲು ತೆರೆದೆವು, ಅಂಗಳದ್ದನ್ನು ಇನ್ನೂ ತಡವಾಗಿ.

ಚಳಿ ಬಿದ್ದ ಮೇಲೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗುವುದಿದೆ. ಅಲ್ಲಿ ಸುರಂಗವಿಲ್ಲ, ತಿರುವುಗಳೇ ತಿರುವುಗಳು. ಹೆದರಿಕೆ ಹೆಚ್ಚೋ ಹೊಟ್ಟೆತೊಳಸು ಹೆಚ್ಚೋ ಎಂಬುದು ಬೂದಿಯ ಮಟ್ಟಿಗೆ ಅಲ್ಲಿ ಗೊತ್ತಾಗಬೇಕು. ಮಾತ್ರೆಯ ವಿಷಯ ವೈದ್ಯರನ್ನು ಕೇಳಿಯಾಗಿದೆ. ಸೀರೆಯ ತುಂಡನ್ನು ತೊಳೆಯಬೇಡ ಎಂದು ಅಕ್ಕನಿಗೂ ಹೇಳಿಟ್ಟಿದ್ದೇನೆ.