ಯೋಧನ ಹೆಂಡತಿಗೆ ಸಂಶಯದ ಲಾಭ

ಅಮೆರಿಕದ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಬರೆಯಲು ಎರಡು ಭಾಗಗಳಿವೆ. ಮೊದಲನೆಯದರಲ್ಲಿ ಒಂದರ ಕೆಳಗೊಂದು ಸಾಲು, ಉದಾಹರಣೆಗೆ: ನ್ಯುಮೋನಿಯಾ, ಅದಕ್ಕೆ ಕಾರಣ ಅನ್ನ ನೀರು ಸರಿಯಾಗಿ ನುಂಗಲಾಗದ ಸ್ಥಿತಿ, ಅದಕ್ಕೆ ಕಾರಣ ಪಾರ್ಕಿನ್ಸನ್ ಕಾಯಿಲೆ. ಎರಡನೆಯದರಲ್ಲಿ ಸಾವಿಗೆ ಕೈಜೋಡಿಸಿದ ಬೇರೆ ಕಾಯಿಲೆಗಳು. ಆತುರದಲ್ಲಿರುವ ವೈದ್ಯರು ಬರೀ 'ನ್ಯುಮೋನಿಯಾ' ಎಂದು ಬರೆದು ಸಹಿ ಹಾಕಿದರೂ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಆದರೆ ಸತ್ತವರು ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರಾಗಿದ್ದರೆ, ಬಿಟ್ಟುಹೋದ ಆ ಒಂದು ಸಾಲಿನಿಂದ ಅವರ ಹೆಂಡತಿಗೆ ತಿಂಗಳಿಗೆ 1,650 ಡಾಲರಿಗೂ ಹೆಚ್ಚು ಖೋತಾ ಆಗಬಹುದು.

ಆ ಹಣಕ್ಕೆ ಅಲ್ಲಿ ಡಿಐಸಿ ಎನ್ನುತ್ತಾರೆ. ಸೇನಾ ಸೇವೆಯಿಂದ ಬಂದ ಗಾಯ ಅಥವಾ ಕಾಯಿಲೆಯಿಂದ ಸತ್ತ ಯೋಧರ ಸಂಗಾತಿಗೆ, ಮಕ್ಕಳಿಗೆ, ಕೆಲವೊಮ್ಮೆ ಬಡ ತಂದೆತಾಯಿಗೆ ಸರ್ಕಾರ ಕೊಡುವ ಪರಿಹಾರ ಇದು. ತೆರಿಗೆ ಇಲ್ಲ. 55 ತುಂಬುವ ಮೊದಲು ಮರುಮದುವೆಯಾದರೆ ಮಾತ್ರ ನಿಂತುಹೋಗುತ್ತದೆ. (ವಿಧವೆಯ ವಯಸ್ಸು ನೋಡಿ ಮದುವೆಗೆ ಬೆಲೆ ಕಟ್ಟುವುದು ನಮ್ಮ ಕಡೆಯ ರೋಗ ಮಾತ್ರ ಅಂದುಕೊಂಡಿದ್ದವರು ಗಮನಿಸಬೇಕು.) ಗುಂಡು ತಗುಲಿ ಸತ್ತರೆ ಕಾರಣ ಹುಡುಕಬೇಕಿಲ್ಲ. ವಿಷ ಹಾಗಲ್ಲ, ಅದು ನಲವತ್ತು ವರ್ಷ ಬಿಟ್ಟೂ ಕೊಲ್ಲಬಲ್ಲದು.

1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ವಿಯೆಟ್ನಾಂ ಕಾಡುಗಳ ಎಲೆ ಉದುರಿಸಲು ಸುಮಾರು ಎರಡು ಕೋಟಿ ಗ್ಯಾಲನ್ ಕಳೆನಾಶಕ ಸುರಿದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಡ್ರಮ್ಮಿನ ಮೇಲೆ ಕಿತ್ತಳೆ ಪಟ್ಟಿ ಬಳಿದಿದ್ದ 'ಏಜೆಂಟ್ ಆರೆಂಜ್'. ಅದು ಎರಡು ರಾಸಾಯನಿಕಗಳ ಸಮಪಾಲು ಮಿಶ್ರಣ. ಒಂದು, ನಮ್ಮ ಭತ್ತ, ಕಬ್ಬಿನ ಗದ್ದೆಗಳಿಗೆ ಇಂದಿಗೂ ಹೊಡೆಯುವ 2,4-ಡಿ. ಇನ್ನೊಂದು 2,4,5-ಟಿ. ವಿಷಯ ಕೆಟ್ಟಿದ್ದು ಈ ಎರಡನೆಯದರಲ್ಲಿ. ಕಾರ್ಖಾನೆಯಲ್ಲಿ ಅದನ್ನು ತಯಾರಿಸುವಾಗ ಶಾಖ ಹದ ತಪ್ಪಿದರೆ ಎರಡೆರಡು ಅಣುಗಳು ಬೆಸೆದುಕೊಂಡು ಟಿಸಿಡಿಡಿ ಎಂಬ ಡೈಆಕ್ಸಿನ್ ಆಗುತ್ತದೆ. ಯಾರೂ ಬೇಕೆಂದು ಬೆರೆಸಿದ್ದಲ್ಲ, ತಯಾರಿಕೆಯ ಕಸ.

ಡೈಆಕ್ಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಜೀವಕೋಶದೊಳಗೆ ಒಂದು ಗ್ರಾಹಿ ಪ್ರೋಟೀನಿಗೆ ಅಂಟಿಕೊಂಡು, ಅದರ ಜೊತೆಯಲ್ಲೇ ಕೋಶಕೇಂದ್ರಕ್ಕೆ ಹೋಗಿ ಹಲವು ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಬೇರೆ ರಾಸಾಯನಿಕವಾದರೆ ದೇಹ ಒಡೆದು ಹೊರಹಾಕುತ್ತಿತ್ತು. ಇದನ್ನು ಒಡೆಯುವುದು ಅದಕ್ಕೆ ಬಲು ಕಷ್ಟ, ಹಾಗಾಗಿ ವಂಶವಾಹಿಗಳ ಚಾಲೂ ಸ್ಥಿತಿ ಹಾಗೆಯೇ ಮುಂದುವರಿಯುತ್ತದೆ. ದೇಹದಲ್ಲಿರುವುದು ಅರ್ಧಕ್ಕಿಳಿಯಲು ಏಳರಿಂದ ಹನ್ನೊಂದು ವರ್ಷ ಬೇಕು. ಏಳೇ ಎಂದು ಹಿಡಿದರೂ 42 ವರ್ಷಕ್ಕೆ ಉಳಿಯುವುದು 64ರಲ್ಲಿ ಒಂದು ಪಾಲು. ಆ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಿದರೆ, ಮಾಂಸ, ಹಾಲಿನ ಮೂಲಕ ಎಲ್ಲರ ಮೈ ಸೇರುವ ಡೈಆಕ್ಸಿನ್ ಮಟ್ಟಕ್ಕಿಂತ ಅದು ಬೇರೆ ಎಂದು ಹೇಳುವುದೇ ಕಷ್ಟ. ಸಾಕ್ಷಿ ಕರಗಿಹೋಗಿರುತ್ತದೆ.

ರಕ್ತ ಹೇಳದ್ದನ್ನು ಅಂಕಿಅಂಶ ಹೇಳೀತೇ? ವಿಷ ತಾಕದ ನೂರು ಜನರಲ್ಲಿ ಹತ್ತು ಮಂದಿಗೆ ಒಂದು ಕಾಯಿಲೆ ಬರುತ್ತದೆ, ತಾಕಿದ ನೂರರಲ್ಲಿ ಹದಿನೈದು ಮಂದಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ವಿಷದ ಪಾಲು ಐದು. ಆದರೆ ಹದಿನೈದರಲ್ಲಿ ಆ ಐವರು ಯಾರು? ಯಾವ ಸೂಕ್ಷ್ಮದರ್ಶಕವೂ ತೋರಿಸಲಾರದು. ಒಬ್ಬೊಬ್ಬರಾಗಿ ವಿಚಾರಿಸುತ್ತಾ ಹೋದರೆ ಪ್ರತಿಯೊಬ್ಬರ ಮಟ್ಟಿಗೂ ವಿಷ ಕಾರಣವಾಗಿರುವ ಸಾಧ್ಯತೆ ಮೂರರಲ್ಲಿ ಒಂದು, ಗೆಲ್ಲಲು ಬೇಕಾದ ಅರ್ಧಕ್ಕಿಂತ ಕಡಿಮೆ. ಅಂದರೆ ಹದಿನೈದೂ ಕುಟುಂಬಗಳು ಸೋಲುತ್ತವೆ, ಐವರ ಸಾವಿಗೆ ಯಾರೂ ಹೊಣೆಯಾಗುವುದಿಲ್ಲ.

1991ರ ಏಜೆಂಟ್ ಆರೆಂಜ್ ಕಾಯ್ದೆ ಈ ಗಂಟನ್ನು ಬಿಚ್ಚುವ ಗೋಜಿಗೇ ಹೋಗಲಿಲ್ಲ. ಯುದ್ಧಕಾಲದಲ್ಲಿ ವಿಯೆಟ್ನಾಂ ನೆಲಕ್ಕೆ ಕಾಲಿಟ್ಟವರಿಗೆಲ್ಲ ವಿಷ ತಾಕಿದೆ ಎಂದೇ ತಿಳಿಯುವುದು, ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಕಾರಣ ವಿಷವೇ ಎಂದು ಭಾವಿಸುವುದು. ಯಾವ ಕಾಯಿಲೆಗೆ ಎಷ್ಟು ಪುರಾವೆ ಇದೆ ಎಂದು ವಿಜ್ಞಾನಿಗಳ ಸಮಿತಿ ಕಾಲಕಾಲಕ್ಕೆ ಅಧ್ಯಯನಗಳನ್ನು ಜಾಲಾಡಿ ಹೇಳುತ್ತಿತ್ತು. 2001ರಲ್ಲಿ ಟೈಪ್ 2 ಸಕ್ಕರೆ ಕಾಯಿಲೆ, 2010ರಲ್ಲಿ ಪಾರ್ಕಿನ್ಸನ್ ಮತ್ತು ರಕ್ತನಾಳ ಕಟ್ಟಿ ಬರುವ ಹೃದ್ರೋಗ ಸೇರಿದವು. ಹದಿನೈದೂ ಮನೆಗೆ ಪರಿಹಾರ ಹೋಗುತ್ತದೆ. ಹತ್ತು ಮನೆಗೆ ಸುಮ್ಮನೆ ಹೋಯಿತು ಎಂದು ಲೆಕ್ಕಿಗರು ಗೊಣಗಬಹುದು. ಆ ಗೊಣಗಾಟ ರಕ್ತದೊತ್ತಡದ ವಿಷಯದಲ್ಲಿ ಜೋರಾಗಿಯೇ ಇತ್ತು, ಏಕೆಂದರೆ ಎಪ್ಪತ್ತು ದಾಟಿದವರಲ್ಲಿ ಬಿಪಿ ಇಲ್ಲದವರೇ ಕಡಿಮೆ. 2018ರಲ್ಲೇ ವಿಜ್ಞಾನಿಗಳು ಪುರಾವೆ ಸಾಕಷ್ಟಿದೆ ಎಂದರೂ ಅದು ಪಟ್ಟಿ ಸೇರಿದ್ದು 2022ರ ಪ್ಯಾಕ್ಟ್ ಕಾಯ್ದೆಯಿಂದ. ಪಾರ್ಶ್ವವಾಯುವಿನಿಂದ ಸತ್ತವರ ಮರಣ ಪ್ರಮಾಣಪತ್ರದಲ್ಲಿ 'ರಕ್ತದೊತ್ತಡ' ಎಂಬ ಒಂದು ಪದ ಇದೆಯೋ ಇಲ್ಲವೋ ಎಂಬುದು ಈಗ ಬಹಳ ಮುಖ್ಯ.

ವಿಯೆಟ್ನಾಮಿನ ಜನರಿಗೆ ಈ ಯಾವ ಊಹೆಯೂ ಅನ್ವಯಿಸಲಿಲ್ಲ. ಕಳೆನಾಶಕ ತಯಾರಿಸಿದ ಕಂಪನಿಗಳ ಮೇಲೆ ಅವರು ಹೂಡಿದ ಮೊಕದ್ದಮೆಯನ್ನು ಅಮೆರಿಕದ ನ್ಯಾಯಾಲಯ 2005ರಲ್ಲಿ ವಜಾ ಮಾಡಿತು. ವಿಷ ಒಂದೇ, ಮೈ ಬೇರೆ.

ಪ್ಯಾಕ್ಟ್ ಕಾಯ್ದೆಯ ದೊಡ್ಡ ಭಾಗ ಇರಾಕ್, ಅಫ್ಘಾನಿಸ್ತಾನದ ಸುಡುಗುಂಡಿಗಳದ್ದು. ಶಿಬಿರಗಳ ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆ ಕಸವನ್ನೆಲ್ಲ ವಿಮಾನದ ಇಂಧನ ಸುರಿದು ಬಯಲಲ್ಲೇ ಸುಡುತ್ತಿದ್ದರು. ಅದರ ಹೊಗೆಯಲ್ಲಿ ಯಾರು ಎಷ್ಟು ಉಸಿರಾಡಿದರೆಂಬ ಅಳತೆ ಇಲ್ಲ. ಹಾಗಾಗಿ 2020ರ ವಿಜ್ಞಾನಿಗಳ ವರದಿ ಕೆಮ್ಮು, ಉಬ್ಬಸದಂಥ ಲಕ್ಷಣಗಳಿಗೆ ಸೀಮಿತ ಪುರಾವೆ ಇದೆ ಎಂದು ಹೇಳಿ, ಉಳಿದವಕ್ಕೆ ಸಾಲದು ಎಂದಿತು. ಎರಡು ವರ್ಷದ ನಂತರ ಕಾನೂನು ಹಲವು ಕ್ಯಾನ್ಸರ್‌ಗಳನ್ನೂ ಉಸಿರಾಟದ ಕಾಯಿಲೆಗಳನ್ನೂ ಪಟ್ಟಿಗೆ ಸೇರಿಸಿಬಿಟ್ಟಿತು. ಕಾನೂನು ಮಾಡಿದ್ದೇ ಸರಿ ಎಂದು ನನಗನಿಸುತ್ತದೆ. ಅಳೆಯದೆ ಬಿಟ್ಟದ್ದು ಸೇನೆ, ಅದರ ದಂಡ ಹೆಂಡತಿ ಮಕ್ಕಳು ಕಟ್ಟಬೇಕೇ?

ಮಾಮೂಲಿ ತಪಾಸಣೆ ಎಷ್ಟು ಕುರುಡು ಎಂಬುದಕ್ಕೆ 2011ರ ಒಂದು ಅಧ್ಯಯನ ನೋಡಬೇಕು. ಓಡಲು ಹೋದರೆ ಏದುಸಿರು ಬರುತ್ತಿದ್ದ ಸೈನಿಕರಲ್ಲಿ 49 ಮಂದಿಯ ಶ್ವಾಸಕೋಶದ ಚೂರು ತೆಗೆದು ನೋಡಿದಾಗ 38 ಮಂದಿಯಲ್ಲಿ ಅತಿ ಸಣ್ಣ ಶ್ವಾಸನಾಳಗಳು ಗಾಯದ ಕಲೆಯಿಂದ ಕಿರಿದಾಗಿದ್ದವು. ಅವರಲ್ಲಿ ಬಹುತೇಕ ಎಲ್ಲರ ಎದೆಯ ಎಕ್ಸ್‌ರೇ ಸರಿಯಾಗಿಯೇ ಇತ್ತು.

ಸತ್ತ ಮೇಲೆ ಎಕ್ಸ್‌ರೇ ಇಟ್ಟುಕೊಂಡು ವಾದಿಸಲಾಗದು, ಅಂಗಾಂಶದ ಚೂರು ಇದ್ದರೆ ವಾದಿಸಬಹುದು. ಹಳೆಯ ಕಡತ ಓದಿದ ತಜ್ಞರು 'ಸೇವೆಯೇ ಕಾರಣವಾಗಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆ' ಎಂದು ಬರೆದುಕೊಟ್ಟು, ಪರಿಹಾರ ಕೊಡುವ ಇಲಾಖೆ ಅದನ್ನು ಒಪ್ಪಿದರೆ ಸಂಶಯದ ಲಾಭ ಕುಟುಂಬಕ್ಕೇ ಸಿಗುತ್ತದೆ. ಆದರೆ ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ಅಮೆರಿಕದ ಪ್ರಯೋಗಾಲಯಗಳು ಕಡ್ಡಾಯವಾಗಿ ಇಟ್ಟುಕೊಳ್ಳಬೇಕಾದದ್ದು ಎರಡು ವರ್ಷ ಮಾತ್ರ, ಗಾಜಿನ ಸ್ಲೈಡುಗಳನ್ನು ಹತ್ತು ವರ್ಷ. ಅರ್ಜಿಗೂ ಗಡುವಿದೆ: ಸಾವಾದ ಒಂದು ವರ್ಷದೊಳಗೆ ಹಾಕಿದರೆ ಸತ್ತ ತಿಂಗಳಿನಿಂದಲೇ ಹಣ ಲೆಕ್ಕ, ತಡವಾದರೆ ಸಾಮಾನ್ಯವಾಗಿ ಅರ್ಜಿ ಕೊಟ್ಟಂದಿನಿಂದ.